ಚಪ್ಪಲಿ ಬಚ್ಚಿಡುವ ಮಗಳು

ಪ್ರಶ್ನೆ: ನನ್ನ ಮಗಳಿಗೆ ಮೂರೂವರೆ ವರ್ಷ. ಎರಡು ತಿಂಗಳ ಹಿಂದೆ ನಾನು ಮತ್ತೆ ಕೆಲಸಕ್ಕೆ ಸೇರಿದೆ. ಹಗಲು ಅತ್ತೆ ನೋಡಿಕೊಳ್ಳುತ್ತಾರೆ. ಹೇಳಿ ಹೊರಟರೆ ರಂಪ ಮಾಡುತ್ತಾಳೆ ಅಂತ, ಅವಳು ಕಾರ್ಟೂನ್ ನೋಡುವಾಗ ಕಣ್ತಪ್ಪಿಸಿ ಹೋಗುತ್ತೇನೆ. ಈಗ ನಾನು ಸ್ನಾನಕ್ಕೆ ಹೋದರೂ ಬಾಗಿಲ ಹೊರಗೆ ಕೂತಿರುತ್ತಾಳೆ. ರಾತ್ರಿ ಎದ್ದು ನನ್ನ ಕೈ ಹುಡುಕುತ್ತಾಳೆ. ನನ್ನ ಒಂದು ಚಪ್ಪಲಿಯನ್ನು ಮಂಚದ ಕೆಳಗೆ ಬಚ್ಚಿಡುತ್ತಾಳೆ. ಸಂಜೆ ಬಂದರೆ ಮುಖ ತಿರುಗಿಸುತ್ತಾಳೆ. ಕೆಲಸ ಬಿಟ್ಟುಬಿಡಲೇ ಮೇಡಂ?

ಉತ್ತರ: ಬೇಡ, ಕೆಲಸ ಬಿಡಬೇಡಿ. ಕಣ್ತಪ್ಪಿಸಿ ಹೋಗುವುದನ್ನು ಮಾತ್ರ ನಾಳೆಯಿಂದಲೇ ಬಿಟ್ಟುಬಿಡಿ.

ನಿಮ್ಮ ಮಗಳ ಲೆಕ್ಕ ನೋಡಿ. ಕಾರ್ಟೂನ್ ನೋಡುತ್ತಿದ್ದಳು, ತಿರುಗಿ ನೋಡಿದರೆ ಅಮ್ಮ ಇಲ್ಲ. ಒಂದು ದಿನ ಅಲ್ಲ, ದಿನಾ. ಅವಳಿಗೆ ಗೊತ್ತಾಗಿರುವುದು ಇಷ್ಟೇ: ಕಣ್ಣು ಆ ಕಡೆ ಹೋದರೆ ಅಮ್ಮ ಮಾಯ. ಹಾಗಾಗಿ ಈಗ ಕಣ್ಣು ತೆಗೆಯುತ್ತಿಲ್ಲ. ಸ್ನಾನದ ಮನೆ ಬಾಗಿಲಲ್ಲೂ ಕಾವಲು, ನಿದ್ದೆಯಲ್ಲೂ ಕಾವಲು. ಒಂಟಿ ಚಪ್ಪಲಿ ಬಚ್ಚಿಟ್ಟರೆ ಅಮ್ಮ ಹೋಗುವ ಹಾಗಿಲ್ಲ ಅಂತ ಯೋಚಿಸಿದ್ದಾಳಲ್ಲ, ಜಾಣೆ!

ನಾನೂ ಇದೇ ತಪ್ಪು ಮಾಡಿದವಳು. ನನ್ನ ಮಗ ಚಿಕ್ಕವನಿದ್ದಾಗ ಹಿಂಬಾಗಿಲಿಂದ ಹೊರಗೆ ಹೋಗುತ್ತಿದ್ದೆ. ಸ್ವಲ್ಪ ದಿನದಲ್ಲೇ ಅವನು ಆಟ ಬಿಟ್ಟು ಹಿಂಬಾಗಿಲ ಹತ್ತಿರವೇ ಕೂರಲು ಶುರು ಮಾಡಿದ. ಆಮೇಲೆ ನನಗೆ ಬುದ್ಧಿ ಬಂತು.

ಅಳು ಕಂಡು ಹೆದರಬೇಡಿ. ಅಮ್ಮ ಕಣ್ಣಿಗೆ ಕಾಣದಿದ್ದರೆ ಅಳುವುದು ಸಾಮಾನ್ಯವಾಗಿ ಎಂಟು ತಿಂಗಳ ಆಸುಪಾಸಿನಲ್ಲಿ ಶುರುವಾಗಿ, ಮೂರು ವರ್ಷದ ಹೊತ್ತಿಗೆ ಕಡಿಮೆಯಾಗುತ್ತದೆ. ಮನೆಯಲ್ಲಿ ಏನಾದರೂ ದೊಡ್ಡದು ಬದಲಾದಾಗ ಮತ್ತೆ ಬರುವುದೂ ಉಂಟು. ನಿಮ್ಮಲ್ಲಿ ಆಗಿರುವುದು ಅದೇ.

ಮೇರಿ ಐನ್ಸ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ ಒಂದು ವರ್ಷದ ಆಸುಪಾಸಿನ ಕೂಸುಗಳನ್ನು ಹೊಸ ಕೋಣೆಯಲ್ಲಿ ಆಟಿಕೆ ಕೊಟ್ಟು ಬಿಟ್ಟು, ಅಮ್ಮಂದಿರನ್ನು ಕೆಲವೇ ನಿಮಿಷ ಹೊರಗೆ ಕಳಿಸಿ ನೋಡಿದ್ದರು. 1978ರಲ್ಲಿ ಅದನ್ನೆಲ್ಲ ಪುಸ್ತಕವಾಗಿಯೂ ತಂದರು. ಅಮ್ಮ ಹೋದಾಗ ಮಗು ಎಷ್ಟು ಅತ್ತಿತು ಅನ್ನುವುದಕ್ಕಿಂತ, ಅಮ್ಮ ವಾಪಸ್ ಬಂದಾಗ ಏನು ಮಾಡಿತು ಅನ್ನುವುದನ್ನೇ ಅವರು ಜಾಸ್ತಿ ಗಮನಿಸಿದ್ದು. ಅಮ್ಮನ ಮೇಲೆ ಭರವಸೆ ಇದ್ದ ಮಕ್ಕಳೂ ಅತ್ತಿದ್ದರು. ಆದರೆ ಅಮ್ಮ ಬಂದ ತಕ್ಷಣ ಹತ್ತಿರ ಹೋಗಿ, ಎತ್ತಿಸಿಕೊಂಡು, ಸಮಾಧಾನ ಆದ ಮೇಲೆ ತಿರುಗಿ ಆಟಕ್ಕೆ ಹೋದವು. ನಿಮ್ಮ ಮಗಳು ದೊಡ್ಡವಳು ನಿಜ. ಆದರೂ ನಿಮ್ಮ ಸಂಜೆಯ ಬಗ್ಗೆ ನಾನು ಮಾತಾಡಬೇಕಿರುವುದು ಇದಕ್ಕೇ.

ಮುಖ ತಿರುಗಿಸುತ್ತಾಳೆ ಅಂದಿರಿ. ತಿರುಗಿಸಲಿ ಬಿಡಿ. ಅದು ಮುನಿಸು. "ಅಮ್ಮನ ಮೇಲೆ ಕೋಪಾನಾ? ಹೇಳದೆ ಹೋದೆ ಅಲ್ವಾ?" ಅಂತ ಕೇಳಿ, ಪಕ್ಕದಲ್ಲಿ ನೆಲದ ಮೇಲೆ ಸುಮ್ನೆ ಕೂತುಬಿಡಿ. ಫೋನ್ ಬ್ಯಾಗಲ್ಲೇ ಇರಲಿ. ಅಡುಗೆ, ಬಟ್ಟೆ ಎಲ್ಲ ಒಂದರ್ಧ ಗಂಟೆ ಕಾಯುತ್ತವೆ. ಮುದ್ದು ಮಾಡು ಅಂತ ಪೀಡಿಸಬೇಡಿ. ಅವಳೇ ಮೆಲ್ಲಗೆ ಜರುಗಿಕೊಂಡು ಬಂದು ಬೆನ್ನು ತಾಗಿಸುತ್ತಾಳೆ.

ಬೆಳಿಗ್ಗೆಯ ಕಥೆ ಚಿಕ್ಕದು. ಹೊರಡುವ ಮೊದಲು ಟಿವಿ ಆರಿಸಿ. ಕಣ್ಣಲ್ಲಿ ಕಣ್ಣಿಟ್ಟು ಹೇಳಿ: "ಅಮ್ಮ ಕೆಲಸಕ್ಕೆ ಹೋಗ್ತೀನಿ. ನೀನು ಊಟ ಮಾಡಿ, ಮಲಗಿ ಎದ್ದು, ಅಜ್ಜಿ ಜೊತೆ ಆಡ್ತಿರುವಾಗ ಬರ್ತೀನಿ." ಐದು ಗಂಟೆ, ಆರು ಗಂಟೆ ಅಂದರೆ ಆ ವಯಸ್ಸಿಗೆ ಏನೂ ತಿಳಿಯುವುದಿಲ್ಲ. ಒಂದು ಮುತ್ತು, ಒಂದು ಟಾಟಾ, ಹೊರಡಿ. ಬಾಗಿಲಿಗೆ ಹೋಗಿ ಮತ್ತೆ ಮತ್ತೆ ವಾಪಸ್ ಬರಬೇಡಿ. ಚಾಕೊಲೇಟ್ ಆಸೆ ತೋರಿಸಬೇಡಿ, ಆಮೇಲೆ ದಿನಾ ಚೌಕಾಸಿ ಶುರುವಾಗುತ್ತದೆ. ಬರುವುದು ತಡವಾದರೆ ಫೋನ್ ಮಾಡಿ ಅವಳಿಗೇ ಹೇಳಿ.

ಮೊದಲ ವಾರ ಅಳು ಜಾಸ್ತಿಯೇ ಆಗಬಹುದು. ಆ ಅಳುವ ಮಗುವನ್ನು ಸೊಂಟದಲ್ಲಿ ಹೊತ್ತು ನಿಲ್ಲುವವರು ನಿಮ್ಮ ಅತ್ತೆ, ಅದನ್ನು ಮರೆಯಬೇಡಿ. ಸದ್ದಿಲ್ಲದೆ ಹೋಗುವುದೇ ವಾಸಿ ಅಂತ ಅವರಿಗೆ ಅನ್ನಿಸಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಇದನ್ನೆಲ್ಲ ಮೊದಲು ಅವರ ಹತ್ತಿರ ಕೂತು ಮಾತಾಡಿ. "ಅಳಬೇಡ, ಗುಮ್ಮ ಬರ್ತಾನೆ" ಅನ್ನುವುದರ ಬದಲು "ಅಮ್ಮ ಬೇಕು ಅನ್ನಿಸ್ತಿದೆಯಾ ಪುಟ್ಟಿ, ಸಂಜೆ ಬರ್ತಾಳೆ" ಅಂದರೆ ಸಾಕು ಅಂತ ಕೇಳಿಕೊಳ್ಳಿ.

ರಜೆಯ ದಿನ ಸ್ವಲ್ಪ ಅಭ್ಯಾಸ ಮಾಡಿಸಿ. ಹೇಳಿ ಹೋಗಿ, ಹತ್ತು ನಿಮಿಷಕ್ಕೆ ಬನ್ನಿ. ಇನ್ನೊಂದು ಸಲ ಅರ್ಧ ಗಂಟೆ. ಹೀಗೆಲ್ಲ ಮಾಡಿದ ಮೇಲೂ ನಾಲ್ಕು ವಾರ ದಾಟಿ ಅದೇ ಗೋಳು, ಊಟ ನಿದ್ದೆ ಕೆಟ್ಟಿದೆ, ನೀವು ಹೊರಟಾಗಲೆಲ್ಲ ಹೊಟ್ಟೆನೋವು ಅನ್ನುತ್ತಾಳೆ ಅಂದರೆ ಮಕ್ಕಳ ಡಾಕ್ಟರ್ ಹತ್ತಿರ ತೋರಿಸಿ.

ಇನ್ನು ಆ ಚಪ್ಪಲಿ. ಬಚ್ಚಿಟ್ಟದ್ದಕ್ಕೆ ಬೈಯಬೇಡಿ. ನಾಳೆಯಿಂದ ಚಪ್ಪಲಿ ತಂದುಕೊಡುವ ಕೆಲಸವನ್ನು ಅವಳಿಗೇ ವಹಿಸಿ. ಮೊದಲ ದಿನ ಒಂದನ್ನೇ ತಂದು ನಿಮ್ಮ ಮುಖ ನೋಡುತ್ತಾಳೆ. ಇನ್ನೊಂದು ಬರುವವರೆಗೆ ಹೊಸ್ತಿಲ ಹತ್ತಿರ ಕಾಯಲು ಐದು ನಿಮಿಷ ಜಾಸ್ತಿ ಇಟ್ಟುಕೊಳ್ಳಿ.