ಪ್ರತಿಕ್ರಿಯೆ: ಇಲಿಗೆ ತಾಯ್ತನ ಹುಟ್ಟಿನಿಂದ ಬರುತ್ತದಾ?

ಮರಿ ಸಾಕುವ ಬುದ್ಧಿ ಇಲಿಗೆ ಹುಟ್ಟಿನಿಂದ ಬರುತ್ತದಾ, ಬೆಳೆದ ರೀತಿಯಿಂದಾ ಅಂತ ಕೇಳಿದ್ದೀರಿ. ಬೆಳೆದ ರೀತಿಯ ಪಾಲು ನಾವು ಅಂದುಕೊಳ್ಳುವುದಕ್ಕಿಂತ ಜಾಸ್ತಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ವಿಜ್ಞಾನಿ ಮೈಕೆಲ್ ಮೀನಿ ಅವರ ತಂಡ ಮರಿಗಳನ್ನು ಅದಲುಬದಲು ಮಾಡಿ ನೋಡಿತು. ಮರಿಗಳನ್ನು ಅಷ್ಟಾಗಿ ನೆಕ್ಕದ ತಾಯಿಯ ಹೆಣ್ಣುಮರಿಗಳನ್ನು, ಚೆನ್ನಾಗಿ ನೆಕ್ಕುವ ತಾಯಿಯ ಗೂಡಿಗೆ ಬಿಟ್ಟರು. ಅವು ಬೆಳೆದು ಮರಿ ಹಾಕಿದಾಗ ಸಾಕಿದ ತಾಯಿಯ ಹಾಗೇ ನೆಕ್ಕಿದವು, ಹೆತ್ತವಳ ಹಾಗಲ್ಲ! ಇದು 1999ರಲ್ಲಿ ಪ್ರಕಟವಾಯಿತು.

ನನಗೆ ಇನ್ನೂ ಬೆರಗು ಹುಟ್ಟಿಸುವುದು ಮರಿಯನ್ನೇ ಹಾಕದ ಹೆಣ್ಣಿಲಿ. ಮರಿ ಕಂಡರೆ ಮೊದಲು ದೂರ ಸರಿಯುತ್ತದೆ. ದಿನಾ ಮರಿಗಳ ಜೊತೆ ಇಟ್ಟರೆ, ಸುಮಾರು ಒಂದು ವಾರದಲ್ಲಿ ತಾನೇ ಅವನ್ನು ಬಾಯಲ್ಲಿ ಹಿಡಿದು ಗೂಡಿಗೆ ತರುತ್ತದೆ, ನೆಕ್ಕುತ್ತದೆ, ಹಾಲೂಡಿಸುವ ಹಾಗೆ ಬಾಗಿ ಕೂರುತ್ತದೆ. ಹೆರಿಗೆಯಿಲ್ಲ, ಹಾಲಿಲ್ಲ, ಬರೀ ಒಡನಾಟ ಅಷ್ಟೇ.