ವೇಗ ಹೆಚ್ಚಿದಾಗ ಸ್ಕೂಟರು ಅದುರುವುದೇಕೆ?

ಪ್ರಶ್ನೆ: ನನ್ನದು 110 ಸಿಸಿಯ, ಹತ್ತು ಇಂಚಿನ ಚಕ್ರಗಳ ಗೇರಿಲ್ಲದ ಸ್ಕೂಟರು. ಕೊಂಡು ಆರು ವರ್ಷವಾಯಿತು. ನೌಕರಿಗಾಗಿ ಅಂಕೋಲಾದಿಂದ ಕಾರವಾರಕ್ಕೆ ಹೆದ್ದಾರಿ 66ರಲ್ಲಿ ದಿನವೂ ಹೋಗಿ ಬರುತ್ತೇನೆ. ವೇಗ 50 ಕಿ.ಮೀ. ಆಗುವವರೆಗೆ ಯಾವ ತೊಂದರೆಯೂ ಇಲ್ಲ. 55 ದಾಟಿತೆಂದರೆ ಸೀಟು, ಫುಟ್‌ಬೋರ್ಡು ಎರಡೂ ಅದುರತೊಡಗುತ್ತವೆ. 60ಕ್ಕೆ ಬಂದಾಗ ಕನ್ನಡಿಯಲ್ಲಿ ಹಿಂದಿನ ವಾಹನವೇ ಕುಣಿದಂತೆ ಕಾಣುತ್ತದೆ. ಮಳೆಗಾಲಕ್ಕೆ ಮುಂಚೆ ಹಿಂದಿನ ಟೈರು ಹೊಸದು ಹಾಕಿಸಿದ್ದೆ. ಒಂದು ಗ್ಯಾರೇಜಿನಲ್ಲಿ ಬೆಲ್ಟು ಮತ್ತು ರೋಲರುಗಳನ್ನು ಬದಲಿಸಿದರು, ಗುಣವಾಗಲಿಲ್ಲ. ಇನ್ನೊಬ್ಬರು ಎಂಜಿನ್ ಬೇರಿಂಗ್ ಹೋಗಿದೆ, ಬಿಚ್ಚಲೇಬೇಕು ಎನ್ನುತ್ತಿದ್ದಾರೆ. ಬಿಚ್ಚಿಸಲೇ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಈಗಲೇ ಬಿಚ್ಚಿಸಬೇಡಿ. ಎಂಜಿನ್ನಿನ ಮುಖ್ಯ ಬೇರಿಂಗು ಸವೆದಿದ್ದರೆ ಅದು 55 ಕಿ.ಮೀ. ವೇಗಕ್ಕಾಗಿ ಕಾಯುವುದಿಲ್ಲ, ನಿಂತಲ್ಲೇ ಆಕ್ಸಿಲರೇಟರು ತಿರುವಿದಾಗಲೂ ಗೊರಗೊರ ಸದ್ದು ಕೇಳಿಸಬೇಕು. ನಿಮ್ಮ ಪತ್ರದಲ್ಲಿ ಸದ್ದಿನ ಮಾತೇ ಇಲ್ಲ. ಅದುರುವ ಸ್ಕೂಟರಿಗೆ ಒಂದಾದ ಮೇಲೊಂದು ಬಿಡಿಭಾಗ ಬದಲಿಸುತ್ತಾ ಹೋಗುವುದು ಎಲ್ಲ ಕಡೆ ನಡೆಯುತ್ತಿದೆ, ಆ ಖರ್ಚೆಲ್ಲ ವಾಹನದ ಮಾಲೀಕನ ತಲೆಯ ಮೇಲೆ ಬೀಳುತ್ತದೆ. ಸ್ಪ್ಯಾನರು ಹಿಡಿಯುವ ಮೊದಲು ತೀರ್ಮಾನವಾಗಬೇಕಾದ ಸಂಗತಿ ಒಂದೇ: ಈ ನಡುಕ ಚಕ್ರದ ಸುತ್ತನ್ನು ಅನುಸರಿಸುತ್ತಿದೆಯೋ, ಎಂಜಿನ್ನಿನ ಸುತ್ತನ್ನು ಅನುಸರಿಸುತ್ತಿದೆಯೋ?

ಇವೆರಡನ್ನು ಮೈಯೇ ಗುರುತಿಸಬಲ್ಲದು. ನಿಮ್ಮಂಥ ಸ್ಕೂಟರುಗಳಿಗೆ ಸಾಮಾನ್ಯವಾಗಿರುವ 90/100-10 ಅಳತೆಯ ಟೈರಿನ ಸುತ್ತಳತೆ ಸುಮಾರು 1.36 ಮೀಟರು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 12 ಸಲ ಸುತ್ತುತ್ತದೆ. ಅದೇ ಹೊತ್ತಿಗೆ ಎಂಜಿನ್ನು ಸೆಕೆಂಡಿಗೆ 90ರ ಆಸುಪಾಸಿನಲ್ಲಿ ಸುತ್ತುತ್ತಿರುತ್ತದೆ. ಹಾಗಾಗಿ ಚಕ್ರದ ದೋಷ ದಪ್ಪನೆಯ ಕುಲುಕಾಟವಾಗಿ, ಕನ್ನಡಿಯ ಬಿಂಬ ಕುಣಿಯುವಂತೆ ಕಾಣಿಸಿಕೊಳ್ಳುತ್ತದೆ. ಎಂಜಿನ್ನಿನ ದೋಷ ಸಣ್ಣ ಝುಮ್ಮೆನ್ನುವ ಕಂಪನವಾಗಿ ಅಂಗೈಯನ್ನು ಜೋಮು ಹಿಡಿಸುತ್ತದೆ, ಕನ್ನಡಿಯ ಬಿಂಬ ಬರೀ ಮಸುಕಾಗುತ್ತದೆ. ನೀವು ವಿವರಿಸಿರುವುದು ಮೊದಲನೆಯದನ್ನು. ಮುಂಚಕ್ರದ ದೋಷ ಹೆಚ್ಚಾಗಿ ಹ್ಯಾಂಡಲಿನಲ್ಲಿ, ಹಿಂಚಕ್ರದ್ದು ಸೀಟು ಮತ್ತು ಫುಟ್‌ಬೋರ್ಡಿನಲ್ಲಿ ತಿಳಿಯುವುದರಿಂದ, ನನ್ನ ಅನುಮಾನ ಹಿಂಚಕ್ರದ ಮೇಲೆಯೇ ಇದೆ.

ಅನುಮಾನವನ್ನು ಖಚಿತಪಡಿಸಿಕೊಳ್ಳಲು ಬೆಳಿಗ್ಗೆ ವಾಹನಗಳು ವಿರಳವಾಗಿರುವಾಗ, ನೇರವಾದ ಒಣ ರಸ್ತೆಯಲ್ಲಿ, ಎರಡೂ ಕೈಗಳಿಂದ ಹ್ಯಾಂಡಲನ್ನು ಭದ್ರವಾಗಿ ಹಿಡಿದುಕೊಂಡು 60ಕ್ಕೆ ತಂದು ಆಕ್ಸಿಲರೇಟರನ್ನು ಪೂರ್ತಿ ಬಿಡಿ. ಬಿಟ್ಟ ಕ್ಷಣದಲ್ಲೇ ನಡುಕ ನಿಂತರೆ ತೊಂದರೆ ಎಂಜಿನ್ನು, ಬೆಲ್ಟು, ಕ್ಲಚ್ಚುಗಳ ಕಡೆಗಿದೆ. ನಡುಕ ಹಾಗೆಯೇ ಉಳಿದು, ವೇಗ ಇಳಿದಂತೆಲ್ಲ ತಾನೂ ಇಳಿಯುತ್ತಾ 50ರ ಹೊತ್ತಿಗೆ ಮಾಯವಾದರೆ ಅದು ಚಕ್ರದ್ದು. ಗೇರಿಲ್ಲದ ಸ್ಕೂಟರಿನಲ್ಲಿ ಕ್ಲಚ್ಚನ್ನು ಕೈಯಿಂದ ಬಿಡಿಸಲು ಬರುವುದಿಲ್ಲವಾದ್ದರಿಂದ ಈ ಪರೀಕ್ಷೆಯೊಂದನ್ನೇ ನೆಚ್ಚಬಾರದು. ಬಿಣಗಾದ ಏರಿನಂಥ ಕಡೆ ಸಮತಟ್ಟು ರಸ್ತೆಯಲ್ಲಿ ಹೋದಷ್ಟೇ ವೇಗದಲ್ಲಿ ಹೋಗಿ ನೋಡಿ. ಏರಿನಲ್ಲಿ ವೇಗ ಅಷ್ಟೇ ಇದ್ದರೂ ಎಂಜಿನ್ನು ಹೆಚ್ಚು ಸುತ್ತುತ್ತದೆ. ಆಗಲೂ ನಡುಕದ ಲಯ ಬದಲಾಗದಿದ್ದರೆ ಎಂಜಿನ್ನಿನ ಮೇಲಿನ ಆರೋಪವನ್ನು ಕೈಬಿಡಬಹುದು.

ಇನ್ನು ಹಿಂಚಕ್ರವನ್ನು ನೋಡೋಣ. ಹೊಸ ಟೈರು ಹಾಕಿದ ಮೇಲೆ ಶುರುವಾದ ನಡುಕಕ್ಕೆ ಮೊದಲು ನೋಡಬೇಕಾದದ್ದು ಆ ಟೈರು ರಿಮ್ಮಿನಲ್ಲಿ ಸರಿಯಾಗಿ ಕೂತಿದೆಯೇ ಎಂಬುದು. ಟೈರಿನ ಪಕ್ಕದಲ್ಲಿ, ರಿಮ್ಮಿನ ಅಂಚಿಗೆ ತೀರ ಸಮೀಪ, ಸುತ್ತಲೂ ಒಂದು ಸಣ್ಣ ಉಬ್ಬುಗೆರೆ ಇರುತ್ತದೆ. ರಿಮ್ಮಿನ ಅಂಚಿನಿಂದ ಆ ಗೆರೆಯ ಅಂತರ ಸುತ್ತಲೂ ಒಂದೇ ಇರಬೇಕು. ಒಂದು ಕಡೆ ಗೆರೆ ಎದ್ದು ಕಾಣುತ್ತಿದ್ದು ಇನ್ನೊಂದು ಕಡೆ ರಿಮ್ಮಿನೊಳಗೆ ಮುಳುಗಿದ್ದರೆ, ಟೈರು ಓರೆಯಾಗಿ ಕೂತಿದೆ ಎಂದೇ ಅರ್ಥ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಪೂರ್ತಿ ಬಿಡಿಸಿ, ಟೈರಿನ ಅಂಚಿಗೆ ಸಾಬೂನು ನೀರು ಸವರಿಸಿ, ಮತ್ತೆ ಗಾಳಿ ತುಂಬಿಸಿದರೆ ಬಹುಪಾಲು ಸರಿಹೋಗುತ್ತದೆ. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣವಿದ್ದರೆ ಅದನ್ನೂ, ತಯಾರಿಕೆಯ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಿ; 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ‘ಹೊಸ’ ಟೈರು ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದುಕೊಂಡು ಆಕಾರ ಕೆಟ್ಟಿರುವುದೂ ಉಂಟು.

ಬಳಿಕ ಮೇನ್ ಸ್ಟ್ಯಾಂಡು ಹಾಕಿ, ಎಂಜಿನ್ ಆಫ್ ಇರುವಾಗಲೇ, ಹಿಂಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ರಿಮ್ಮಿನ ಅಂಚಿಗೆ ತಾಗಿಯೂ ತಾಗದಂತೆ ಒಂದು ಪೆನ್ಸಿಲನ್ನು ಸ್ಥಿರವಾಗಿ ಹಿಡಿದುಕೊಂಡರೆ, ಗುಂಡಿಗೆ ಬಿದ್ದು ರಿಮ್ಮು ಸೊಟ್ಟಗಾಗಿದೆಯೇ ಎಂಬುದು ಆ ಸಂದು ಹಿಗ್ಗಿ ಕುಗ್ಗುವುದರಲ್ಲಿ ತಿಳಿಯುತ್ತದೆ. ಹೀಗೆ ತಿರುಗಿಸುವಾಗಲೇ ರಿಮ್ಮಿನ ಒಳಬದಿಗೆ ಟಾರ್ಚು ಬಿಟ್ಟು ನೋಡಿ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಕೆಂಪು ರಾಡಿ ಅಲ್ಲಿ ಮೆತ್ತಿಕೊಂಡು, ಬಿಸಿಲು ಬಿದ್ದ ಮೇಲೆ ಗಟ್ಟಿಯಾಗಿ ಉಳಿದುಬಿಡುತ್ತದೆ. ಕೇವಲ 30 ಗ್ರಾಂ ಮಣ್ಣು ಚಕ್ರದ ಕೇಂದ್ರದಿಂದ 11 ಸೆಂ.ಮೀ. ದೂರದಲ್ಲಿ ಒಂದೇ ಕಡೆ ಅಂಟಿಕೊಂಡಿದ್ದರೆ, 60 ಕಿ.ಮೀ. ವೇಗದಲ್ಲಿ ಅದು ಚಕ್ರವನ್ನು ಸುಮಾರು 2 ಕೆ.ಜಿ. ಭಾರದಷ್ಟು ಬಲದಿಂದ ಪ್ರತಿ ಸುತ್ತಿನಲ್ಲೂ ಹೊರಗೆಳೆಯುತ್ತದೆ. ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 40ರಲ್ಲಿ ಅದು ಒಂದು ಕೆ.ಜಿ.ಗೂ ಕಡಿಮೆ. ನಿಧಾನವಾಗಿ ಹೋಗುವಾಗ ಸುಮ್ಮನಿರುವ ಸ್ಕೂಟರು 55 ದಾಟಿದ ಕೂಡಲೇ ಅದುರತೊಡಗುವುದು ಇದರಿಂದಲೇ. ರಾಡಿಯನ್ನು ನೀರಲ್ಲಿ ನೆನೆಸಿ, ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ. ಪಂಕ್ಚರ್ ಆಗದಿರಲೆಂದು ಟೈರಿನೊಳಗೆ ದ್ರವ ತುಂಬಿಸಿದ್ದರೆ ಅದೂ ಒಂದೆಡೆ ಶೇಖರವಾಗಿ ಇದೇ ಪರಿಣಾಮವನ್ನು ಉಂಟುಮಾಡಬಲ್ಲದು.

ಇಷ್ಟು ನೋಡಿದ ಮೇಲೂ ಕಾರಣ ಸಿಗದಿದ್ದರೆ ಚಕ್ರವನ್ನು ಎರಡೂ ಕೈಗಳಿಂದ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಚಕ್ರ ಮಾತ್ರ ಅಲ್ಲಾಡಿದರೆ ನಡುವಿನ ದೊಡ್ಡ ನಟ್ಟು ಸಡಿಲವಾಗಿರಬಹುದು. ಅದನ್ನು ಸುಮ್ಮನೆ ಬಿಗಿ ಮಾಡಿ ಕಳುಹಿಸಲು ಬಿಡದೆ, ಚಕ್ರವನ್ನು ಕಳಚಿಸಿ ಶಾಫ್ಟಿನ ಹಲ್ಲುಗಳನ್ನು ಕಣ್ಣಾರೆ ನೋಡಿ. ಹಲ್ಲುಗಳ ಸಂದಿಯಲ್ಲಿ ನುಣ್ಣನೆಯ ಕಂದುಕೆಂಪು ಪುಡಿ ಕಂಡರೆ ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತಿದೆ ಎಂದು ತಿಳಿಯಬೇಕು. ಹಲ್ಲು ಸವೆದ ಮೇಲೆ ನಟ್ಟು ಎಷ್ಟು ಬಿಗಿದರೂ ನಿಲ್ಲುವುದಿಲ್ಲ, ಈ ಸ್ಥಿತಿಯಲ್ಲಿ ವಾಹನ ಓಡಿಸುವುದು ಅಪಾಯಕಾರಿ. ಚಕ್ರದ ಜೊತೆ ಇಡೀ ಎಂಜಿನ್ನೇ ಅಲ್ಲಾಡಿದರೆ ಎಂಜಿನ್ನನ್ನು ಚಾಸಿಗೆ ಜೋಡಿಸುವ ರಬ್ಬರ್ ಬುಷ್‌ಗಳು ಸತ್ತಿವೆ. ಸಮುದ್ರದ ಉಪ್ಪುಗಾಳಿಗೆ ಆ ಬುಷ್‌ಗಳೊಳಗಿನ ಬೋಲ್ಟು ತುಕ್ಕು ಹಿಡಿಯುವುದರಿಂದ, ಆರು ವರ್ಷದ ಗಾಡಿಯಲ್ಲಿ ಇದು ಅಪರೂಪದ ಸಂಗತಿಯೇನಲ್ಲ.

ಗಾಳಿಯ ಒತ್ತಡವನ್ನು ಎಲ್ಲ ಪರೀಕ್ಷೆಗೂ ಮುಂಚೆ, ಟೈರು ತಣ್ಣಗಿರುವಾಗ ನೋಡಿಕೊಳ್ಳಬೇಕು. ನಿಮ್ಮಂಥ ಸ್ಕೂಟರುಗಳಿಗೆ ಒಬ್ಬರೇ ಹೋಗುವಾಗ ಮುಂದೆ 22, ಹಿಂದೆ 29 ಪಿಎಸ್‌ಐ ವಾಡಿಕೆಯ ಅಳತೆ. ನಿಮ್ಮ ಗಾಡಿಯ ಪುಸ್ತಿಕೆಯಲ್ಲಿ ಬೇರೆ ಅಂಕಿಯಿದ್ದರೆ ಅದನ್ನೇ ಪಾಲಿಸಿ. ಪ್ರತಿ ಬದಲಾವಣೆಯ ನಂತರ ಅದೇ ರಸ್ತೆಯಲ್ಲಿ ಓಡಿಸಿ ನೋಡಿ, ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿಸಬೇಡಿ. ಹಾಗೆ ಮಾಡಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಪ್ರಶ್ನೆ: ನನ್ನ ಸ್ಕೂಟರು ವೇಗದಲ್ಲಿ ಅದುರುವುದಿಲ್ಲ. ಆದರೆ ದೇವಿಮನೆ ಘಟ್ಟ ಇಳಿಯುವಾಗ ಹಿಂದಿನ ಬ್ರೇಕ್ ಹಿಡಿದರೆ ಮಾತ್ರ ಬಿಟ್ಟು ಬಿಟ್ಟು ನಡುಗುತ್ತದೆ. ಇದಕ್ಕೂ ಚಕ್ರವೇ ಕಾರಣವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬ್ರೇಕ್ ಹಿಡಿದಾಗ ಮಾತ್ರ ಬರುವ ನಡುಕಕ್ಕೆ ಟೈರು, ರಿಮ್ಮುಗಳು ಸಾಮಾನ್ಯವಾಗಿ ಕಾರಣವಲ್ಲ, ಹಿಂಚಕ್ರದ ಬ್ರೇಕ್ ಡ್ರಮ್ಮು ತನ್ನ ದುಂಡಗಿನ ಆಕಾರ ಕಳೆದುಕೊಂಡಿರಬೇಕು. ಉದ್ದದ ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ಒತ್ತಿಕೊಂಡು ಬಂದರೆ ಡ್ರಮ್ಮು ಅತಿಯಾಗಿ ಕಾದು, ಲೈನರಿನ ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ, ಹಿಡಿತವೂ ತಪ್ಪುತ್ತದೆ. ಎರಡೂ ಬ್ರೇಕುಗಳನ್ನು ಬಳಸಿ, ಹಿಡಿದು ಬಿಟ್ಟು ಇಳಿಯಿರಿ. ಡ್ರಮ್ಮನ್ನು ಲೇತಿನಲ್ಲಿ ಕಡೆಸುವ ಮುನ್ನ ಅದರ ಮೇಲೆ ಅಚ್ಚು ಹಾಕಿರುವ ಗರಿಷ್ಠ ಒಳವ್ಯಾಸವನ್ನು ಓದಿ, ಈಗಾಗಲೇ ಅದರ ಸಮೀಪಕ್ಕೆ ಸವೆದಿದ್ದರೆ ಕಡೆಸದೆ ಹೊಸದನ್ನೇ ಹಾಕಿಸಿ. ಲೈನರುಗಳನ್ನು ಎರಡೂ ಒಟ್ಟಿಗೆ ಬದಲಿಸಬೇಕು.