ಖುಲಾಸೆಯಾದ ಮೇಲೆ ಕಂಪನಿ ಮೇಲೆ ದಾವೆ: ಕಾಲಮಿತಿ ಮತ್ತು ಪುರಾವೆ

ಗೋದಾಮಿನ ಮಾಲು ಕದ್ದಿರೆಂದು ಮ್ಯಾನೇಜರ್ ದೂರು ಕೊಟ್ಟರು, ಎಂಟು ತಿಂಗಳ ಹಿಂದೆ ಖುಲಾಸೆಯಾಯಿತು, ಈಗ ಕಂಪನಿಯಿಂದ ಪರಿಹಾರ ಕೇಳಬಹುದೇ ಎಂದಿದ್ದೀರಿ. ಕೇಳಬಹುದು, ಆದರೆ ತಡಮಾಡಬೇಡಿ. 1963ರ ಕಾಲಮಿತಿ ಕಾಯ್ದೆಯ 74ನೇ ಅನುಚ್ಛೇದದಂತೆ, ದುರುದ್ದೇಶದಿಂದ ಕ್ರಿಮಿನಲ್ ಕೇಸು ಹಾಕಿಸಿದ್ದಕ್ಕೆ ಪರಿಹಾರದ ದಾವೆ ಹೂಡಲು ಖುಲಾಸೆಯಾದ ದಿನದಿಂದ ಒಂದೇ ವರ್ಷ. ಲೀಗಲ್ ನೋಟಿಸ್ ಕಳಿಸಿದರೆ ಗಡುವು ನಿಲ್ಲುವುದಿಲ್ಲ. ತೀರ್ಪಿನ ದೃಢೀಕೃತ ನಕಲಿಗೆ ಇವತ್ತೇ ಅರ್ಜಿ ಹಾಕಿ.

ಹೆಚ್ಚಿನವರು ಸೋಲುವುದು ಇಲ್ಲಿ: ಖುಲಾಸೆ ತೀರ್ಪೊಂದೇ ಸಾಲದು. ದೂರಿಗೆ ಸಮಂಜಸ ಕಾರಣ ಇರಲಿಲ್ಲ, ದುರುದ್ದೇಶವಿತ್ತು, ನಿಮಗೆ ನಷ್ಟವಾಯಿತು, ಇವನ್ನು ಸಿವಿಲ್ ಕೋರ್ಟಿನಲ್ಲಿ ನೀವೇ ಹೊಸದಾಗಿ ರುಜುವಾತು ಮಾಡಬೇಕು. ‘ಸಂಶಯದ ಲಾಭ’ ಕೊಟ್ಟು, ಅಂದರೆ ಆರೋಪ ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಲಿಲ್ಲ ಎಂದಷ್ಟೇ ಹೇಳಿ ಬಿಟ್ಟಿದ್ದರೆ ಕೆಲಸ ಇನ್ನೂ ಕಷ್ಟ. ಪೊಲೀಸರಿಗೆ ಬರೀ ಮಾಹಿತಿ ಕೊಟ್ಟವರ ಮೇಲೆ ಹೊಣೆ ಸಾಮಾನ್ಯವಾಗಿ ನಿಲ್ಲದು; ಸುಳ್ಳೆಂದು ತಿಳಿದೇ ಕೊಟ್ಟರು, ಸಾಕ್ಷಿ ಹೊಂದಿಸಿದರು ಎಂದು ತೋರಿಸಬೇಕು.

ಅದಕ್ಕೆ ತಾರೀಖು ಜೋಡಿಸಿ ನೋಡಿ. ಮಾಲು ಬೇರೆ ಶಾಖೆಗೆ ಹೋಗಿದೆ ಎಂಬ ಸ್ಟಾಕ್ ವರ್ಗಾವಣೆ ಚೀಟಿ ಎಫ್‌ಐಆರ್‌ಗಿಂತ ಮೊದಲಿನದಾಗಿದ್ದು, ಅದು ಮ್ಯಾನೇಜರ್ ಕೈ ಸೇರಿತ್ತು ಎಂದಾದರೆ ನಿಮ್ಮ ಕೇಸು ಗಟ್ಟಿ. ಚೀಟಿ ಕಂಪನಿ ಬಳಿಯೇ ಇದ್ದರೆ, ಹಾಜರುಪಡಿಸುವಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶದ 14ನೇ ನಿಯಮದಡಿ ಕೇಳಿ.

ಮ್ಯಾನೇಜರ್ ಮತ್ತು ಕಂಪನಿ, ಇಬ್ಬರನ್ನೂ ಪ್ರತಿವಾದಿ ಮಾಡಿ. ದೂರು ಕಂಪನಿ ಲೆಟರ್‌ಹೆಡ್‌ನಲ್ಲಿದ್ದರೆ ‘ಅವರ ಸ್ವಂತ ಜಗಳ’ ಎಂದು ಕಂಪನಿ ಕೈತೊಳೆದುಕೊಳ್ಳುವುದು ಸುಲಭವಲ್ಲ. ವಕೀಲರ ಫೀಸಿನ ರಸೀದಿ, ಜಾಮೀನಿನ ಖರ್ಚು, ತಪ್ಪಿದ ಸಂಬಳದ ಲೆಕ್ಕ, ಜೈಲಿನಲ್ಲಿ ಕಳೆದ ದಿನಗಳ ದಾಖಲೆ ಎಲ್ಲವನ್ನೂ ಲಗತ್ತಿಸಿ.